ಬಲವಾಗಿ ಒಪ್ಪುತ್ತೇನೆ

ಮ್ಯಾನೇಜ್‌ಮೆಂಟ್ ವಿಷಯದ ಪಿಎಚ್.ಡಿ. ಪ್ರಬಂಧಕ್ಕೆ ಉದ್ದದ ಹೆಸರಿರಬೇಕು ಎಂದು ಯುಜಿಸಿ ಎಲ್ಲೂ ಹೇಳಿಲ್ಲ. ಆದರೂ ಬೈಂಡಿಂಗ್ ಅಂಗಡಿಯವರು ರಟ್ಟಿನ ಮೇಲೆ ಬಂಗಾರದ ಅಕ್ಷರ ಒತ್ತುವಾಗ ‘ಮೇಡಂ, ಇಷ್ಟೂ ಒಂದೇ ಪುಸ್ತಕದ ಹೆಸರಾ?’ ಎಂದು ಕೇಳುವಷ್ಟು ಉದ್ದ ಇದ್ದೇ ಇರುತ್ತದೆ. ಸೂತ್ರ ಸರಳ. ಮೊದಲು ‘ಪರಿಣಾಮ’ ಅಥವಾ ‘ಪ್ರಭಾವ’ ಬರಬೇಕು, ಅದರ ಹಿಂದೆ ‘ಗ್ರಾಹಕರ ಸಂತೃಪ್ತಿ’ ಅಥವಾ ‘ನೌಕರರ ಬದ್ಧತೆ’, ಆಮೇಲೆ ‘ಒಂದು ಅಧ್ಯಯನ’, ಕೊನೆಯಲ್ಲಿ ತಪ್ಪದೆ ‘ಇಂಥಿಂಥ ಜಿಲ್ಲೆಯನ್ನು ವಿಶೇಷವಾಗಿ ಗಮನದಲ್ಲಿಟ್ಟುಕೊಂಡು’. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಕೂಡಿಟ್ಟಿರುವ ಶೋಧಗಂಗಾ ಎಂಬ ಭಂಡಾರವೊಂದಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಅದರೊಳಗೆ ಒಂದು ಸಂಜೆ ಅಡ್ಡಾಡಿದರೆ, ಗ್ರಾಹಕನ ಸಂತೃಪ್ತಿಯನ್ನು ಅಳೆಯದೆ ಬಿಟ್ಟ ಜಿಲ್ಲೆ ಈ ದೇಶದಲ್ಲಿ ಇನ್ನು ಉಳಿದಿದೆಯೇ ಎಂಬ ಅನುಮಾನ ಹುಟ್ಟುತ್ತದೆ. ಇಷ್ಟೆಲ್ಲ ಅಳೆದ ಮೇಲೂ ಗ್ರಾಹಕ ಮಾತ್ರ ಕೌಂಟರಿನ ಮುಂದೆ ಸಿಡಿಮಿಡಿ ಮಾಡುತ್ತ ನಿಂತೇ ಇದ್ದಾನೆ.

ನನ್ನ ಪ್ರಬಂಧವೂ ಇದೇ ಕುಲದ್ದು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಸೇವೆಯ ಗುಣಮಟ್ಟ, ಸಣ್ಣ ಉಳಿತಾಯದ ಗ್ರಾಹಕರು. ವಿಶೇಷ ಗಮನ ದಕ್ಷಿಣ ಕನ್ನಡ ಮತ್ತು ಉಡುಪಿಯ ಮೇಲೆ. ಈ ಊರಲ್ಲಿ ಕಾಮರ್ಸ್ ಪಾಠ ಮಾಡುವವಳು ಬೇರೆ ವಿಷಯ ಹುಡುಕಿಕೊಂಡು ಎಲ್ಲಿಗೆ ಹೋಗಲಿ? 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಎರಡು ನದಿಗಳ ನಡುವೆ ಒಂದು ಬ್ಯಾಂಕು ಹುಟ್ಟುತ್ತಿದ್ದ ಕಾಲ ಅದು. ನಮ್ಮ ಹಿರಿಯರು ಮದುವೆಗೆ ಹುಡುಗನನ್ನು ನೋಡುವಾಗ ‘ಏನು ಕೆಲಸ’ ಎನ್ನುತ್ತಿರಲಿಲ್ಲವಂತೆ, ‘ಯಾವ ಬ್ಯಾಂಕು’ ಎಂದೇ ಕೇಳುತ್ತಿದ್ದರಂತೆ.

ಪಿಎಚ್.ಡಿ.ಗೆ ಯಾಕೆ ಕೈಹಾಕಿದಿರಿ ಎಂದು ಕೇಳಿದರೆ ಜ್ಞಾನದಾಹ ಎನ್ನಬೇಕು. ವೈವಾದಲ್ಲಿ ಹಾಗೆಯೇ ಹೇಳಿದ್ದೇನೆ. ನಿಮ್ಮ ಹತ್ತಿರ ಬೇರೆ ಮಾತು. ನಾನು ನೋಂದಣಿ ಮಾಡಿಸಿದ ಸ್ವಲ್ಪ ಸಮಯಕ್ಕೆ, 2018ರಲ್ಲಿ, ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕಾದರೆ 2021ರ ಜುಲೈಯಿಂದ ಪಿಎಚ್.ಡಿ. ಕಡ್ಡಾಯ ಎಂಬ ನಿಯಮ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ದೂರದೃಷ್ಟಿಯನ್ನು ಹೊಗಳಿದರು. ಆಮೇಲೆ ಆ ಗಡುವು 2023ಕ್ಕೆ ಸರಿಯಿತು. 2023 ಬಂದಾಗ ಯುಜಿಸಿ ಮನಸ್ಸು ಬದಲಿಸಿ, ನೆಟ್ ಅಥವಾ ಸೆಟ್ ಪಾಸಾಗಿದ್ದರೆ ಸಾಕು, ಪಿಎಚ್.ಡಿ. ಬೇಕಾದರೆ ಇರಲಿ ಎಂದುಬಿಟ್ಟಿತು. ಪ್ರಬಂಧ ಒಪ್ಪಿಸುವ ಮೊದಲು ರೆಫರೀಡ್ ಜರ್ನಲ್‌ನಲ್ಲಿ ಲೇಖನ ಬಂದಿರಲೇಬೇಕು ಎಂದು 2016ರ ನಿಯಮ ಹೇಳುತ್ತಿತ್ತು. ನನ್ನ ಲೇಖನ ಹಿಂದೆಮುಂದೆ ಓಡಾಡಿ, ತಿದ್ದಿಸಿಕೊಂಡು, ಅಂತೂ ಅಚ್ಚಾಯಿತು. 2022ರ ಹೊಸ ನಿಯಮ ಆ ಶರತ್ತನ್ನೂ ಕೈಬಿಟ್ಟಿತು. ಸರಕಾರಕ್ಕೆ ನನ್ನ ಮೇಲೆ ದ್ವೇಷವಿಲ್ಲ ಎಂದು ನನಗೆ ಗೊತ್ತು. ಆದರೆ ಅಂಕಿಅಂಶ ಓದಿದವಳು ನೋಡಿ, ಎರಡು ಸಲ ಒಂದೇ ದಿಕ್ಕಿಗೆ ಬಿದ್ದದ್ದನ್ನು ಕಂಡರೆ ಪರಸ್ಪರ ಸಂಬಂಧವಿರಬಹುದು ಎಂದು ಸಂಶಯಪಡುವುದು ಅಭ್ಯಾಸವಾಗಿದೆ.

ಒಂದು ವಿಷಯಕ್ಕೆ ಮಾತ್ರ ಯುಜಿಸಿಗೆ ಕೈಮುಗಿಯುತ್ತೇನೆ. ಪಿಎಚ್.ಡಿ. ಮುಗಿಸಲು ಆರು ವರ್ಷ ಗಡುವು ಕೊಟ್ಟು, ಹೆಂಗಸರಿಗೆ ಮತ್ತೆರಡು ವರ್ಷ ಸೇರಿಸಿದ್ದಾರೆ. ಕುಕ್ಕರಿನ ಸೀಟಿ ಎಣಿಸುತ್ತ ಸಾಹಿತ್ಯ ಸಮೀಕ್ಷೆ ಬರೆಯುವವರು ಯಾರೆಂದು ದಿಲ್ಲಿಯ ಕಚೇರಿಗೂ ಗೊತ್ತಾಗಿದೆ ಎಂದಾಯಿತು.

ಸಾಹಿತ್ಯ ಸಮೀಕ್ಷೆ ಎಂದರೆ ಎರಡನೆಯ ಅಧ್ಯಾಯ. ಅಲ್ಲಿ ನಿಮ್ಮ ಸ್ವಂತ ಮಾತು ಒಂದೂ ಇರಕೂಡದು. ಸಂತೋಷಗೊಂಡ ಗಿರಾಕಿ ಮತ್ತೆ ಬರುತ್ತಾನೆ ಎಂಬುದು ಉಡುಪಿಯ ಯಾವ ಹೋಟೆಲಿನ ಗಲ್ಲಾದ ಮುಂದೆ ನಿಂತರೂ ಗೊತ್ತಾಗುವ ವಿಚಾರ. ಆದರೆ ನಾನು ಹಾಗೆ ಬರೆದರೆ ಗೈಡ್ ಕೆಂಪು ಪೆನ್ನಿನಲ್ಲಿ ‘ಯಾರು ಹೇಳಿದ್ದು? ಯಾವ ಇಸವಿ?’ ಎಂದು ಕೇಳುತ್ತಿದ್ದರು. ಅದನ್ನೇ ಅಮೆರಿಕದಲ್ಲೊಬ್ಬರು ಎಪ್ಪತ್ತು ಪುಟಗಳಲ್ಲಿ ಹೇಳಿದ್ದನ್ನು ಹುಡುಕಿ, ಹೆಸರು ಮತ್ತು ಇಸವಿಯ ಸಮೇತ ಬರೆದರೆ ಅದು ಜ್ಞಾನ. ಮೊದಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ ನನಗೂ ಆ ಚಟ ಹಿಡಿಯಿತು. ‘ಸಾರಿಗೆ ಉಪ್ಪು ಕಡಿಮೆ’ ಎಂದು ಮನೆಯವರು ಹೇಳಿದಾಗ ‘ಆಧಾರ?’ ಎಂದು ಕೇಳಿದ್ದೇನೆ.

ಮೂರನೆಯ ಅಧ್ಯಾಯ ಸಂಶೋಧನಾ ವಿಧಾನ. ನಮ್ಮ ಶಾಸ್ತ್ರದ ದೇವರುಗಳೆಲ್ಲ ವಾಸವಾಗಿರುವುದು ಇಲ್ಲಿ. ಮೊದಲನೆಯ ದೇವರು 384. ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಒಂದು ಕೋಷ್ಟಕ ಪ್ರಕಟಿಸಿದರು. ನೂರು ಜನರಿರುವ ಕಡೆ ಎಂಬತ್ತು ಮಂದಿಯನ್ನು ಮಾತಾಡಿಸಬೇಕು, ಹತ್ತು ಲಕ್ಷ ಜನರಿದ್ದರೆ 384 ಮಂದಿ ಸಾಕು ಎನ್ನುತ್ತದೆ ಅದು. ಲೆಕ್ಕ ಸರಿಯಾಗಿಯೇ ಇದೆ. ಯಾರನ್ನು ಬೇಕಾದರೂ ಚೀಟಿ ಎತ್ತಿದಂತೆ ಆರಿಸುವ ಭಾಗ್ಯವಿದ್ದರೆ ಮಾತ್ರ ಅದು ನಿಲ್ಲುತ್ತದೆ ಎಂಬ ಶರತ್ತನ್ನು ನಾವು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಹೀಗಾಗಿ ಭಾರತದ ಮ್ಯಾನೇಜ್‌ಮೆಂಟ್ ಪ್ರಬಂಧಗಳಲ್ಲಿ 384 ಎಂಬ ಸಂಖ್ಯೆಗೆ ಗಣಪತಿಗೆ ಸಲ್ಲುವ ಮೊದಲ ಪೂಜೆಯೇ ಸಲ್ಲುತ್ತದೆ.

ಎರಡನೆಯವರು ರೆನ್ಸಿಸ್ ಲೈಕರ್ಟ್. ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ಏನೂ ಹೇಳಲಾರೆ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ ಎಂಬ ಐದು ಮೆಟ್ಟಿಲನ್ನು ಮನುಷ್ಯನ ಮನಸ್ಸಿಗೆ ಆನಿಸಿ ನಿಲ್ಲಿಸಿದ್ದು ಇವರೇ. 1932ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಪಿಎಚ್.ಡಿ.ಯೇ ಅದು. ಒಬ್ಬ ಮನುಷ್ಯನ ಪಿಎಚ್.ಡಿ. ಮುಗಿದದ್ದರಿಂದ ಜಗತ್ತಿನಲ್ಲಿ ಇಷ್ಟೊಂದು ಜನರ ಪಿಎಚ್.ಡಿ. ಮುಗಿಯುವಂತಾದದ್ದು ಬೇರೆ ಉಂಟೋ ಇಲ್ಲವೋ!

ಇನ್ನು ಟಿ-ಟೆಸ್ಟ್. ಡಬ್ಲಿನ್ನಿನ ಗಿನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಎಂಬಾತ, ಕಡಿಮೆ ಮಾದರಿ ಇಟ್ಟುಕೊಂಡು ಸರಕಿನ ಗುಣವನ್ನು ನಂಬಿಕೆಯಿಂದ ಹೇಳುವುದು ಹೇಗೆ ಎಂದು ತಲೆಕೆಡಿಸಿಕೊಂಡು ಕಂಡುಹಿಡಿದದ್ದು. ನೌಕರರು ತಮ್ಮ ಹೆಸರಿನಲ್ಲಿ ಲೇಖನ ಬರೆಯುವುದು ಕಂಪನಿಗೆ ಹಿಡಿಸದ ಕಾರಣ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅಚ್ಚಾಯಿತು. ನನ್ನ ನಾಲ್ಕನೆಯ ಅಧ್ಯಾಯ ಪೂರ್ತಿ ನಿಂತಿರುವುದು ಬಿಯರಿನ ಮೇಲೆ ಎಂಬುದು ಏಕಾದಶಿ ತಪ್ಪಿಸದ ನನ್ನ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಸೇವೆಯ ಗುಣವನ್ನು ಅಳೆಯುವುದಕ್ಕೂ ಒಂದು ಸಿದ್ಧ ಅಳತೆಗೋಲಿದೆ. ಪರಶುರಾಮನ್, ಜೈಥಮಲ್, ಬೆರ್ರಿ ಎಂಬ ಮೂವರು 1988ರಲ್ಲಿ ಕೊಟ್ಟ ಸರ್ವ್‌ಕ್ವಾಲ್. (ಪರಶುರಾಮ ಸೃಷ್ಟಿಯಲ್ಲಿ ಪರಶುರಾಮನ್‌ರ ಅಳತೆಗೋಲು ಹಿಡಿದು ತಿರುಗುವುದು ಯೋಗಾಯೋಗ ಎಂದು ಗೈಡ್ ನಗೆಯಾಡಿದ್ದರು. ಅವರು ನಕ್ಕದ್ದು ಅಪರೂಪ, ಹಾಗಾಗಿ ದಾಖಲಿಸಿದ್ದೇನೆ.) ಅದರಲ್ಲಿ 22 ಹೇಳಿಕೆಗಳು. ಅವನ್ನು ಎರಡು ಸುತ್ತು ಕೇಳಬೇಕು: ಒಳ್ಳೆಯ ಬ್ಯಾಂಕಿನಿಂದ ನೀವು ನಿರೀಕ್ಷಿಸುವುದು ಏನು ಎಂದೊಮ್ಮೆ, ನಿಮ್ಮ ಬ್ಯಾಂಕು ಕೊಡುತ್ತಿರುವುದು ಏನು ಎಂದೊಮ್ಮೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವ ಅಂತರವೇ ಅತೃಪ್ತಿ. ಅಮೆರಿಕದಲ್ಲಿ ಚೆನ್ನಾಗಿ ನಡೆಯಿತಂತೆ. ನಾನು ಅದನ್ನು ಹಿಡಿದುಕೊಂಡು ಹೋದದ್ದು ಮಲ್ಪೆಗೆ.

ಯಾಕೆಂದರೆ ನನ್ನ ಸಣ್ಣ ಉಳಿತಾಯದ ಗ್ರಾಹಕರು ಪಿಗ್ಮಿಯವರು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಯೋಜನೆ ಅದು. ದಿನಕ್ಕೆ ಎರಡಾಣೆ ಉಳಿಸಲು ಬ್ಯಾಂಕಿಗೆ ಯಾರು ಬರುತ್ತಾರೆ? ಆದ್ದರಿಂದ ಬ್ಯಾಂಕೇ ಬಾಗಿಲಿಗೆ ಹೋಯಿತು. ಬ್ಯಾಂಕು ಎಂದರೆ ಕಟ್ಟಡ, ಪೆನ್ನಿಗೆ ಕಟ್ಟಿದ ದಾರ, ‘ಊಟದ ಸಮಯ’ ಎಂಬ ಬೋರ್ಡು ಎಂದುಕೊಂಡವರಿಗೆ ಪಿಗ್ಮಿ ಅರ್ಥವಾಗುವುದಿಲ್ಲ. ಮೀನು ಮಾರುವ ಹೆಂಗಸು, ಬೀಡಾ ಅಂಗಡಿಯವ, ಕ್ಷೌರದ ಅಂಗಡಿಯವ, ಇವರಿಗೆಲ್ಲ ಬ್ಯಾಂಕು ಎಂದರೆ ಕೈಚೀಲ ನೇತುಹಾಕಿಕೊಂಡು ದಿನಾ ಬರುವ ಒಬ್ಬ ಮನುಷ್ಯ. ಮೊದಲು ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಿದ್ದ, ಈಗ ಅಂಗೈಯಗಲದ ಯಂತ್ರದಿಂದ ಚೀಟಿ ಹರಿದುಕೊಡುತ್ತಾನೆ.

ಅಂಥ ಒಬ್ಬರು ಪಿಗ್ಮಿ ಸಂಗ್ರಾಹಕರ ಬೆನ್ನು ಹಿಡಿದು ನಾನು ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಮೀನು ಕಾಲಿಡದ ಮನೆಯ ಸೊಸೆ ನಾನು. ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ತಿಳಿದದ್ದು ಸಂಶೋಧನೆಯ ಫಲವಾಗಿ. ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಮೂಗು ಹಿಡಿದು ‘ಪ್ರೈಮರಿ ಡೇಟಾ ತಂದೆಯಾ? ಮೊದಲು ಸ್ನಾನ’ ಎನ್ನುತ್ತಿದ್ದರು. ಪ್ರೈಮರಿ ಡೇಟಾ ಎಂಬ ಶಬ್ದ ನಮ್ಮ ಮನೆಯಲ್ಲಿ ಇವತ್ತಿಗೂ ಮೀನಿನ ವಾಸನೆಗೆ ಪರ್ಯಾಯವಾಗಿ ಬಳಕೆಯಲ್ಲಿದೆ.

ಬುಟ್ಟಿಯ ಮುಂದೆ ಕುಳಿತ ಅಕ್ಕನೊಬ್ಬಳ ಹತ್ತಿರ ಕುಕ್ಕರಗಾಲಲ್ಲಿ ಕೂತು ನಾನು ಮೊದಲ ಸುತ್ತು ಕೇಳಿದೆ. ‘ಒಳ್ಳೆಯ ಬ್ಯಾಂಕಿನಿಂದ ನೀವು ಏನು ನಿರೀಕ್ಷೆ ಮಾಡ್ತೀರಿ?’

‘ನನ್ನ ಹಣ ಕೇಳಿದಾಗ ನಂಗೆ ಕೊಟ್ರೆ ಸಾಕು.’

‘ಅದಲ್ಲ. ಬ್ಯಾಂಕಿನಲ್ಲಿ ಆಧುನಿಕ ಉಪಕರಣ ಇರಬೇಕು ಅಂತ ಒಪ್ತೀರಾ?’

‘ಇದ್ರೆ ಇರ್ಲಿ. ಕರೆಂಟು ಹೋದ್ರೆ ನನ್ನ ಹಣ ಹೋಗ್ಲಿಕ್ಕಿಲ್ಲ ಅಲ್ವಾ?’

‘ಸಿಬ್ಬಂದಿಯ ಉಡುಪು ಅಚ್ಚುಕಟ್ಟಾಗಿರಬೇಕು?’

ಆಕೆ ನನ್ನ ಪಕ್ಕ ನಿಂತಿದ್ದ ಸಂಗ್ರಾಹಕರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಮಳೆಗೆ ಕೋಟು ಹಾಕ್ತಾನೆ, ಬಿಸಿಲಿಗೆ ಟೊಪ್ಪಿ. ಮತ್ತೆಂತ ಬೇಕು?’

‘ಈ ಬ್ಯಾಂಕಿನ ಮೇಲೆ ಭರವಸೆ ಉಂಟಾ?’

‘ಇವ ಬರ್ತಾನೆ.’

‘ಅದು ಬಲವಾಗಿ ಒಪ್ಪುತ್ತೇನೆ ಅಂತಲಾ, ಬರೀ ಒಪ್ಪುತ್ತೇನೆ ಅಂತಲಾ?’

‘ಬರ್ತಾನೆ ಮಾರಾಯ್ತಿ, ದಿನಾ ಬರ್ತಾನೆ. ನೀನು ಸ್ವಲ್ಪ ಆಚೆ ಕೂತ್ಕೊ, ಗಿರಾಕಿಗೆ ಮೀನು ಕಾಣ್ಲಿ.’

ಐದಕ್ಕೆ ಗೀಟು ಹಾಕಿಕೊಂಡು ಆಚೆ ಕೂತೆ. ಆದರೆ ಆ ‘ಬರ್ತಾನೆ’ ಎಂಬ ಮಾತಿನಲ್ಲಿ ಇದ್ದದ್ದು ಐದರಲ್ಲಿ ಹಿಡಿಯುವಂಥದ್ದಲ್ಲ. ಆಕೆಯ ಗಂಡ ಆಸ್ಪತ್ರೆಯಲ್ಲಿದ್ದಾಗ ಆತನೇ ಫಾರಂ ತುಂಬಿಸಿ ಹಣ ಬಿಡಿಸಿಕೊಟ್ಟದ್ದು, ಮಗಳ ಮದುವೆಗೆ ಆತ ಬಂದು ಉಂಡು ಹೋದದ್ದು, ಆಕೆ ಕೊಡುವ ಹಣದ ಲೆಕ್ಕ ಮನೆಯ ಗಂಡಸರ ಕಿವಿಗೆ ಬೀಳದಂತೆ ಆತ ನೋಡಿಕೊಳ್ಳುವುದು, ಎಲ್ಲ ಅದರಲ್ಲಿತ್ತು. ಈ ಕೊನೆಯದು ಬಹಳ ಮುಖ್ಯ ಎಂದು ನನಗನಿಸುತ್ತದೆ. ಪರಶುರಾಮನ್‌ರ 22ರಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು ಗಮ್ಮತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತಿರುತ್ತವೆ, ಕೈಯಲ್ಲಿ ಹಣ ಓಡಾಡುವುದಿಲ್ಲ. ಡಿಸೆಂಬರಿನಲ್ಲಿ ಬ್ಯಾಂಕನ್ನು ಬಾಯ್ತುಂಬ ಹೊಗಳಿದ ಹೆಂಗಸೇ ಜುಲೈಯಲ್ಲಿ ‘ಎಂಥ ಬ್ಯಾಂಕು, ಎಂಥ ಬಡ್ಡಿ’ ಎಂದು ಗೊಣಗುತ್ತಾಳೆ. ಬ್ಯಾಂಕು ಬದಲಾಗಿಲ್ಲ, ಸಮುದ್ರ ಬದಲಾಗಿದೆ. ಗ್ರಾಹಕ ಸಂತೃಪ್ತಿಗೆ ಮುಖ್ಯ ಕಾರಣ ಬೂತಾಯಿ ಎಂದು ನಾನು ಒಂದು ಪ್ಯಾರಾ ಬರೆದೆ. ಗೈಡ್ ಅದರ ಸುತ್ತ ಕೆಂಪು ವೃತ್ತ ಎಳೆದು ‘ಅನೆಕ್ಡೋಟಲ್. ತೆಗೆಯಿರಿ’ ಎಂದರು. ಆ ಪ್ಯಾರಾ ಈಗ ‘ಅಧ್ಯಯನದ ಇತಿಮಿತಿಗಳು’ ಎಂಬ ಪುಟದಲ್ಲಿ, ‘ಋತುಮಾನದ ವ್ಯತ್ಯಾಸಗಳನ್ನು ಪರಿಗಣಿಸಿಲ್ಲ’ ಎಂಬ ಒಂದು ಸಾಲಾಗಿ ಕುಳಿತಿದೆ. ನನ್ನನ್ನು ಕೇಳಿದರೆ ಯಾವ ಪ್ರಬಂಧದಲ್ಲಾದರೂ ಮೊದಲು ಓದಬೇಕಾದದ್ದು ಆ ಇತಿಮಿತಿಗಳ ಪುಟವನ್ನೇ. ಸಂಶೋಧಕರು ಕಂಡ ಒಳ್ಳೆಯ ಸಂಗತಿಗಳನ್ನೆಲ್ಲ ಅಲ್ಲಿ ಹೂತಿಟ್ಟಿರುತ್ತಾರೆ.

ಹೀಗೆ ಡೇಟಾ ಅರ್ಧಕ್ಕೆ ಬಂದಿರುವಾಗ ನನ್ನ ಬ್ಯಾಂಕುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಆಗ ಲಾಕ್‌ಡೌನ್ ಬೇರೆ. ಹುಟ್ಟಿದೂರಿನವರೆಲ್ಲ ಮನೆಯೊಳಗೆ ಬಾಗಿಲು ಹಾಕಿ ಕೂತಿದ್ದಾಗ ಬ್ಯಾಂಕುಗಳು ಸದ್ದಿಲ್ಲದೆ ಹೆಸರು ಕಳಚಿದವು. ಐದರಲ್ಲಿ ಎರಡು ಉಳಿದವು. ಇನ್ನೇನು ಗತಿ ಎಂದು ಗೈಡಿಗೆ ಫೋನ್ ಮಾಡಿದರೆ ಅವರು ಶಾಂತವಾಗಿ, ‘ಎಲ್ಲದರ ಹಿಂದೆ “ಹಿಂದಿನ” ಅಂತ ಸೇರಿಸಿ’ ಎಂದರು. ಪ್ರಬಂಧದ ಹೆಸರು ಮತ್ತೂ ಉದ್ದವಾಯಿತು.

ಮಾರ್ಕೆಟ್ಟು ತೆರೆದ ಮೇಲೆ ನಾನು ಓಡಿದ್ದು ಅದೇ ಅಕ್ಕನ ಬಳಿಗೆ. ‘ನಿಮ್ಮ ಬ್ಯಾಂಕು ಹೋಯ್ತಲ್ಲ, ಈಗ ಹೇಗನಿಸ್ತದೆ?’ ಆಕೆ ಆಶ್ಚರ್ಯದಿಂದ ಕೇಳಿದಳು: ‘ಎಲ್ಲಿಗೆ ಹೋಯ್ತು? ನಿನ್ನೆ ಕೂಡ ಬಂದಿದ್ನಲ್ಲ.’ ಬ್ಯಾಂಕ್ ವಿಲೀನದ ಬಗ್ಗೆ ನಾನು ಓದಿದ ಅಷ್ಟೂ ಲೇಖನಗಳಲ್ಲಿ ಇಷ್ಟು ಸ್ಪಷ್ಟವಾದ ಸಂಶೋಧನಾ ಫಲಿತಾಂಶ ಕಂಡಿಲ್ಲ. ಸಂಗ್ರಾಹಕರು ಮಾತ್ರ ತಮ್ಮ ನೌಕರಿಯ ವಿಚಾರವಾಗಿ ಬಹಳ ಓದಿಕೊಂಡಿದ್ದರು. ಅವರಂಥವರು ಬರೀ ಏಜೆಂಟರಲ್ಲ, ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಕೊಟ್ಟ ತೀರ್ಪನ್ನು ನನಗೆ ಮೊದಲು ಹೇಳಿದ್ದು ಅವರು. ನನ್ನ ಸಾಹಿತ್ಯ ಸಮೀಕ್ಷೆಗೆ ಅದು ಅವರ ಕೊಡುಗೆ.

ಉಳಿದ ಪ್ರಶ್ನಾವಳಿಗಳನ್ನು ಗೂಗಲ್ ಫಾರ್ಮ್‌ನಲ್ಲಿ ತುಂಬಿಸಿದ್ದಾಯಿತು. ಲೆಕ್ಕ ಹಾಕುವುದಕ್ಕೆ ಎಸ್‌ಪಿಎಸ್‌ಎಸ್ ಇತ್ತು. ಅಲ್ಲಿ ಕ್ರಾನ್‌ಬ್ಯಾಕ್ ಆಲ್ಫಾ ಎಂಬ ಗಂಡಾಂತರ. 1951ರಲ್ಲಿ ಲೀ ಕ್ರಾನ್‌ಬ್ಯಾಕ್ ಪ್ರಸಿದ್ಧಿಗೆ ತಂದ ಈ ಅಂಕಿ 0.7ರ ಮೇಲಿದ್ದರೆ ನಿಮ್ಮ ಪ್ರಶ್ನಾವಳಿ ನಂಬಿಕೆಗೆ ಅರ್ಹ ಎನ್ನುವುದು ವಾಡಿಕೆ. ನನ್ನದು ಬಹಳ ಮೇಲಿತ್ತು. ಗೈಡ್ ಮೆಚ್ಚಿದರು. ಅದರ ಗುಟ್ಟು ಪ್ರಶ್ನಾವಳಿಗಳ ಕಟ್ಟು ಬಿಚ್ಚಿದರೆ ಕಾಣುತ್ತದೆ. ಎಷ್ಟೋ ಜನ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ‘ಒಪ್ಪುತ್ತೇನೆ’ ಎಂದು ಗೀಟು ಎಳೆದಿದ್ದಾರೆ. ಹಾಗೆ ಎಳೆದಷ್ಟೂ ಆಲ್ಫಾ ಏರುತ್ತದೆ. ಯೋಚಿಸಿ ಉತ್ತರ ಕೊಟ್ಟವರು ಅದನ್ನು ಕೆಳಗಿಳಿಸುತ್ತಾರೆ, ಬೇಸರ ಬಂದವರು ಎತ್ತಿ ಹಿಡಿಯುತ್ತಾರೆ. ಸಮಿತಿಗಳಲ್ಲೂ ಸಭೆಗಳಲ್ಲೂ ಇದೇ ನಡೆಯುವುದನ್ನು ಕಂಡಿದ್ದೇನೆ, ಆದರೆ ಅದು ಬೇರೆ ಪ್ರಬಂಧಕ್ಕೆ ವಿಷಯ.

ಕೃತಿಚೌರ್ಯದ ತಪಾಸಣೆ ಕೊನೆಯ ಹೊಳೆ. 2018ರ ನಿಯಮದ ಪ್ರಕಾರ ಹತ್ತು ಶೇಕಡಾದವರೆಗೆ ಹೋಲಿಕೆ ಇದ್ದರೆ ಕ್ಷಮೆಯುಂಟು, ಅರುವತ್ತು ದಾಟಿದರೆ ನೋಂದಣಿಯೇ ರದ್ದು. ಯಂತ್ರ ನನ್ನ ಮೊದಲ ಅಧ್ಯಾಯವನ್ನು ಓಕುಳಿಯಾಡಿಸಿ ಕಳಿಸಿತು. ಎಲ್ಲಿ ಕದ್ದೆ ಎಂದು ನೋಡಿದರೆ, ಇಂಥ ಬ್ಯಾಂಕು ಇಂಥ ಊರಲ್ಲಿ 1906ರಲ್ಲಿ ಸ್ಥಾಪನೆಯಾಯಿತು ಎಂಬ ಸಾಲುಗಳು! ಅದನ್ನು ಇನ್ನು ಹೇಗೆ ಬರೆಯುವುದು? 1907 ಎಂದು ಬರೆದಿದ್ದರೆ ಸ್ವಂತಿಕೆ ಹೆಚ್ಚುತ್ತಿತ್ತು. ಚೊಕ್ಕವಾಗಿದ್ದ ವಾಕ್ಯಗಳನ್ನೆಲ್ಲ ಹಿಂದುಮುಂದಾಗಿ ತಿರುಚಿ, ಯಾರೂ ಹಾಗೆ ಬರೆಯಲಾರರು ಎನ್ನುವಷ್ಟು ಕೆಡಿಸಿದ ಮೇಲೆ ನಾನು ಪ್ರಾಮಾಣಿಕಳೆಂದು ಸಾಬೀತಾಯಿತು.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧವನ್ನು ಕೈಯಲ್ಲಿ ತೂಗಿ ನೋಡಿ, 384ರ ಬದಲು ನಾನೂರು ಯಾಕೆ ಮಾಡಲಿಲ್ಲ ಎಂದು ಕೇಳಿದರು. ಕ್ರೆಜ್ಸಿ-ಮಾರ್ಗನ್ ಎಂದೆ. ಅವರು ತಲೆಯಾಡಿಸಿದರು. ‘ನಂಬಿಕಾರ್ಹತೆ’ಯೇ ಗ್ರಾಹಕರ ಸಂತೃಪ್ತಿಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವ ಅಂಶ, ಪಿ ಮೌಲ್ಯ 0.05ಕ್ಕಿಂತ ಕಡಿಮೆ ಎಂದು ನಾನು ಪರದೆಯ ಮೇಲೆ ತೋರಿಸಿದೆ. ‘ಇವ ಬರ್ತಾನೆ’ ಎಂಬುದರ ಇಂಗ್ಲಿಷ್ ಅವತಾರ ಅದು. ನಿಜವಾದ ವೈವಾ ನಡೆದದ್ದು ಊಟಕ್ಕೆ. ಕರಾವಳಿಗೆ ಬಂದವರಿಗೆ ಮೀನು ಉಣಿಸಬೇಕಾದದ್ದು ಶಿಷ್ಟಾಚಾರ ಎಂದು ವಿಭಾಗದವರು ಹೋಟೆಲಿಗೆ ಕರೆದೊಯ್ದಿದ್ದರು. ನಾನು ಮೊಸರನ್ನ ಹಾಕಿಸಿಕೊಂಡು ಕೂತಿದ್ದೆ. ಪರೀಕ್ಷಕರು ತಟ್ಟೆ ನೋಡುತ್ತ, ಇದು ಯಾವ ಮೀನು, ಈ ತಿಂಗಳು ಯಾಕೆ ಇಷ್ಟು ತುಟ್ಟಿ, ಹಿಡಿದವನಿಗೆಷ್ಟು ಮಾರಿದವಳಿಗೆಷ್ಟು ಎಂದು ಒಂದರ ಮೇಲೊಂದು ಕೇಳಿದರು. ಕಾಣೆ, ಮಾಂಜಿ, ಬಂಗುಡೆ, ಹರಾಜು, ಮಂಜುಗಡ್ಡೆಯ ಖರ್ಚು, ಮಳೆಗಾಲದ ಸಾಲ ಎಂದು ನಾನು ಒಂದಕ್ಕೂ ತಡವರಿಸದೆ ಹೇಳಿದೆ. ‘ಇದೆಲ್ಲ ಥೀಸಿಸ್‌ನಲ್ಲಿ ಯಾಕಿಲ್ಲ?’ ಎಂದರು. ನಾನು ಗೈಡ್ ಕಡೆ ನೋಡಿದೆ. ಗೈಡ್ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು.

ಗಟ್ಟಿ ರಟ್ಟಿನ ಪ್ರತಿಗಳು ಬಂದ ಮೇಲೆ ಒಂದನ್ನು ಸಂಗ್ರಾಹಕರಿಗೆ ತೋರಿಸಿದೆ. ಎಲ್ಲರಂತೆ ಅವರೂ ಕೃತಜ್ಞತೆಯ ಪುಟವನ್ನೇ ಮೊದಲು ತೆರೆದರು. ಮಾಹಿತಿ ಕೊಟ್ಟವರ ಹೆಸರು ಗುಟ್ಟಾಗಿಡುವುದು ನಿಯಮ ಎಂದು ವಿವರಿಸಿದೆ. ‘ಪಾಸ್‌ಬುಕ್ಕಿನ ಹಾಗೆ’ ಎಂದು ಒಪ್ಪಿದರು. ಆಮೇಲೆ, ‘ಇದರಿಂದ ನಮ್ಮ ಕಮಿಷನ್ ಏನಾದ್ರೂ ಜಾಸ್ತಿ ಆಗ್ತದಾ?’ ಎಂದು ಕೇಳಿದರು. ಸಲಹೆಗಳ ಅಧ್ಯಾಯದಲ್ಲಿ ಅದರ ಬಗ್ಗೆ ಒಂದು ವಾಕ್ಯವಿದೆ ಎಂದು ಪುಟ ತೆಗೆದು ತೋರಿಸಿದೆ. ಬ್ಯಾಂಕಿನವರು ಅದನ್ನು ಓದುತ್ತಾರೋ ಎಂದು ಅವರು ಕೇಳಲಿಲ್ಲ. ಬ್ಯಾಂಕಿನವರನ್ನು ಅವರು ನನಗಿಂತ ಹೆಚ್ಚು ಬಲ್ಲವರು.

ಈಗ ನನ್ನ ಹೆಸರಿನ ಹಿಂದೆ ‘ಡಾ.’ ಇದೆ, ಮತ್ತು ನಾನೂ ಒಬ್ಬಳು ಗೈಡ್ ಆಗುವ ಹಾದಿಯಲ್ಲಿದ್ದೇನೆ. ಕೆಂಪು ಪೆನ್ನು ಕೊಂಡಿಲ್ಲ. ಓದುಗರಲ್ಲಿ ಒಂದು ವಿನಂತಿ ಮಾತ್ರ ಇದೆ. ನಾಳೆ ನಿಮ್ಮ ಬ್ಯಾಂಕಿನಲ್ಲೋ, ಬಸ್‌ಸ್ಟ್ಯಾಂಡಿನಲ್ಲೋ, ಅಂಗಡಿ ಬಾಗಿಲಲ್ಲೋ ಬೆವರುತ್ತ ಪ್ರಶ್ನಾವಳಿ ಹಿಡಿದು ಯಾರಾದರೂ ಬಂದರೆ, ಕೈಬೀಸಿ ಕಳಿಸಬೇಡಿ. ಮೇಲಿನಿಂದ ಕೆಳಗೆ ‘ಒಪ್ಪುತ್ತೇನೆ’ ಎಂದು ಗೀಟು ಎಳೆದು ಕೈತೊಳೆದುಕೊಳ್ಳಲೂ ಬೇಡಿ. ಗೀಟು ಹಾಕಿ ಆದಮೇಲೆ ಎರಡು ನಿಮಿಷ ಕೂರಿಸಿಕೊಂಡು, ಕಾಗದದಲ್ಲಿ ಇಲ್ಲದ್ದನ್ನು ಹೇಳಿ.